ಗಾಜಿನ ಪೆಟ್ಟಿಗೆಯ ಲಂಗ

ಗಜೇಂದ್ರಗಡದಲ್ಲಿ ನಾವು ಕಂಪ್ಯೂಟರಿನವರೆಲ್ಲ ಒಟ್ಟಿಗೆ ಕುಳಿತು ಕೆಲಸ ಮುಗಿಸುವ ಹ್ಯಾಕಥಾನ್ ಒಂದನ್ನು ಇಟ್ಟುಕೊಂಡಿದ್ದೆವು. ಮ್ಯೂಸಿಯಂನಲ್ಲಿರುವ ಹಳೆಯ ಲಂಬಾಣಿ ಬಟ್ಟೆಗಳು ಎಲ್ಲರ ಮೊಬೈಲಿನಲ್ಲೂ ಕಾಣುವಂತೆ ಮಾಡುವ ಕೆಲಸ. ಕಂಪ್ಯೂಟರಿನವರ ಪಕ್ಕದಲ್ಲೇ ಲಂಬಾಣಿ ತಾಂಡಾದ ಹೆಣ್ಣುಮಕ್ಕಳೂ ಕುಳಿತಿದ್ದರು.

ವಿಡಿಯೋ ಕಾಲಿನಲ್ಲಿದ್ದ ಮ್ಯೂಸಿಯಂ ಮೇಡಂ, ಗಾಜಿನ ಪೆಟ್ಟಿಗೆಯಲ್ಲಿ ಹಾಸಿಟ್ಟ ಕನ್ನಡಿ ಕಸೂತಿಯ ಲಂಗವೊಂದನ್ನು ತೋರಿಸಿದರು.

“ಅಕ್ಕಾರ, ಯಾರರ ಒಬ್ಬರು ಉಟ್ಕೊಂಡು ತೋರಸ್ರಿ. ತಿರಗಿದಾಗ ಹ್ಯಾಂಗ ಕಾಣ್ತೈತಿ ನೋಡೂಣು,” ಎಂದಳು ತಾಂಡಾದ ಶಾಂತಾಬಾಯಿ.

“ಕೈಗವಸು ಇಲ್ಲದೆ ನಾವೇ ಮುಟ್ಟೋ ಹಾಗಿಲ್ಲಮ್ಮ.”

“ಉಡಂಗಿಲ್ಲಂದ್ರ ಯಾಕ ಇಟ್ಟೀರಿ?”

ಮೇಡಂ ಸಿಟ್ಟಾದರೆ ನಮಗೆ ಬೇಕಾದ ಬಟ್ಟೆಗಳ ಫೋಟೋಗಳು ಸಿಗುವುದೂ ಅಷ್ಟಕ್ಕಷ್ಟೇ ಎಂದುಕೊಂಡೆ. ಆದರೆ ಅವರು ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದರು. ಲಂಗವನ್ನು ಹಿಂದೆಮುಂದೆ ತಿರುಗಿಸಿ ಒಂದೊಂದೇ ಹೊಲಿಗೆ ತೋರಿಸಿದರು. ನಮ್ಮವರು ಅದನ್ನೆಲ್ಲ ಶಾಂತಾಬಾಯಿಯ ಮೊಬೈಲಿಗೆ ಹಾಕಿಕೊಟ್ಟರು.

ದೀಪಾವಳಿಗೆ ಅವಳ ಮೊಮ್ಮಗಳು, ಮೊಬೈಲ್ ನೋಡಿ ಅಜ್ಜಿ ಹೊಲಿದ ಅಂಥದ್ದೇ ಹೊಸ ಲಂಗ ಉಟ್ಟು, ದೀಪ ಹಿಡಿದು ತಾಂಡಾದ ಮನೆಮನೆಗೆ ಹೋದಳು. ಫೋಟೋ ನೋಡಿದ ಮೇಡಂ, ಆ ಲಂಗವನ್ನೂ ಮ್ಯೂಸಿಯಂಗೆ ಕೊಡುವಿರಾ ಎಂದು ಕೇಳಿದರು.

“ಒಯ್ರಿ,” ಎಂದಳು ಶಾಂತಾಬಾಯಿ. “ಆದ್ರ ದೀಪಾವಳಿ ಬಂದಾಗೊಮ್ಮೆ ಉಡಾಕ ವಾಪಸ್ ಕೊಡಬೇಕ.”

ಆ ಕರಾರಿನ ಬಗ್ಗೆ ಮ್ಯೂಸಿಯಂನಲ್ಲಿ ಇನ್ನೂ ಮೀಟಿಂಗ್ ನಡೆದಿದೆಯಂತೆ. ಹೋದ ವಾರ ತಾಂಡಾಕ್ಕೆ ಹೋದಾಗ ಮೊಮ್ಮಗಳ ಲಂಗ ಬೇಲಿಯ ಮೇಲೆ ಒಣಗುತ್ತಿತ್ತು.