ವಿಜಾಪುರ ರಸ್ತೆಯಲ್ಲಿ ನನಗೆ ಕನ್ನಡ ಬರಲಿಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ಅಕ್ಟೋಬರಿನಲ್ಲಿ ಒಂದು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಆಲದ ಮರದ ನೆರಳಲ್ಲಿ ನಿಂತು, ನನಗೆ ಕನ್ನಡ ಬರುವುದಿಲ್ಲ ಎಂದು ಹೇಳಿದೆ. ಅದೂ ಅಚ್ಚ ತೆಲುಗಿನಲ್ಲಿ. ಹೇಳಿದ್ದು ಪೊಲೀಸರಿಗಲ್ಲ, ಕೋರ್ಟಿನಲ್ಲೂ ಅಲ್ಲ, ಸೀತಾಫಲ ಮಾರುವ ಒಬ್ಬ ಮುದುಕಿಗೆ. ಹೈದರಾಬಾದಿನ ಮೆಹದಿಪಟ್ಟಣಂ ಕಡೆಯ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ನಾನೇ ಕಾರ್ಯದರ್ಶಿ ಎಂಬುದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ತಿಳಿದರೆ ನಿಮಗೆ ಇನ್ನೂ ಕೆಟ್ಟದೆನಿಸುತ್ತದೆ.

ಈ ಅವಮಾನದಲ್ಲಿ ಅರ್ಧ ಪಾಲು ರಸ್ತೆಯದು ಎಂದು ವಾದಿಸಬೇಕೆಂದು ಬಹಳ ದಿನ ಅಂದುಕೊಂಡಿದ್ದೆ. ಹೈದರಾಬಾದಿನಿಂದ ಕಲಬುರಗಿಗೆ ಹೋಗಲು ಎರಡು ದಾರಿ. ಒಂದು ಜಹೀರಾಬಾದ ಮೇಲಿನ ದೊಡ್ಡ ರಸ್ತೆ. ಅದು ನನ್ನ ಹೆಂಡತಿ ಸುಮಿತ್ರಾಳ ಪಕ್ಷ. ಅಗಲ, ನುಣುಪು, ಹೊಟ್ಟೆ ತೊಳಸುವುದಿಲ್ಲ. ಇನ್ನೊಂದು ಹಳೇ ವಿಜಾಪುರ ರಸ್ತೆ. ಚೇವೆಳ್ಳ, ಪರಿಗಿ, ಕೊಡಂಗಲ್ ಮೇಲೆ ಹಾಯ್ದು ಸೇಡಂ ಕಡೆ ಇಳಿಯುವ ಎರಡೇ ಲೇನಿನ ದಾರಿ. ಅದು ನನ್ನ ಪಕ್ಷ. ಸರಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ನಿವೃತ್ತಿಯಾದ ಮೇಲೆ ತಿರುವು ಇರುವ ರಸ್ತೆ ಹಿಡಿಸುವುದು ಸಹಜ.

ಚೇವೆಳ್ಳ ಸಮೀಪಿಸುತ್ತಲೇ ಆಲದ ಮರಗಳು ಶುರುವಾಗುತ್ತವೆ. ಎರಡೂ ಕಡೆಯಿಂದ ಬಾಗಿ ತಲೆಯ ಮೇಲೆ ಕೈಕೈ ಹಿಡಿದುಕೊಂಡು ನಿಂತಿರುತ್ತವೆ. ರಸ್ತೆ ಅಗಲ ಮಾಡುತ್ತಾರೆ, ಮರ ಹೋಗುತ್ತವೆ ಎಂಬ ಸುದ್ದಿ ವರ್ಷ ವರ್ಷ ಬರುತ್ತದೆ. ಪ್ರತಿ ಸಲವೂ ಇದೇ ಕೊನೆಯ ಸಲವೇನೋ ಎಂದು ಕಾರಿನ ಗಾಜು ಇಳಿಸಿ ನೋಡುತ್ತೇನೆ. ಎದುರಿಗೆ ಲಾರಿ ಬಂದರೆ ಅವನೂ ಒಂದು ಗಾಲಿ ಮಣ್ಣಿಗೆ ಇಳಿಸುತ್ತಾನೆ, ನಾನೂ ಇಳಿಸುತ್ತೇನೆ. ಇಬ್ಬರೂ ಕೈ ಎತ್ತಿ ಸಲಾಮು ಮಾಡಿ ದಾಟುತ್ತೇವೆ. ದೊಡ್ಡ ರಸ್ತೆಯಲ್ಲಿ ಎದುರಿನವನ ಮುಖವೇ ಕಾಣುವುದಿಲ್ಲ. ಇಲ್ಲಿ ಅವನು ಗಡ್ಡ ಮಾಡಿಕೊಂಡಿದ್ದಾನೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಇತಿಹಾಸವನ್ನೂ ಸ್ವಲ್ಪ ಹೇಳಬೇಕು. ಸುಮಿತ್ರಾ ಕೇಳುವುದನ್ನು ಬಿಟ್ಟು ಬಹಳ ಕಾಲವಾದ್ದರಿಂದ ನನಗೆ ಹೊಸ ಕಿವಿಗಳು ಬೇಕು. ಗೋಲ್ಕೊಂಡದ ಸುಲ್ತಾನರೂ ವಿಜಾಪುರದ ಸುಲ್ತಾನರೂ ತಮ್ಮತಮ್ಮಲ್ಲಿ ಹೆಣ್ಣು ಕೊಟ್ಟು ತಂದವರು, ಹಾಗೆಯೇ ಕತ್ತಿ ಹಿಡಿದು ಹೊಡೆದಾಡಿದವರು. ಅಂದರೆ ಈ ಎರಡು ಊರುಗಳ ನಡುವಿನ ದಾರಿ ಮೊದಲಿನಿಂದಲೂ ಬೀಗರ ದಾರಿ. ಒಮ್ಮೆ ಮದುವೆಯ ಮೇಣೆ, ಒಮ್ಮೆ ಯುದ್ಧದ ತೋಪು. ನಾನು ಇದನ್ನು ಹೇಳಿದಾಗಲೆಲ್ಲ ಸುಮಿತ್ರಾ, "ತೋಪು ಆದ್ಮ್ಯಾಲ ಚಹಾ ಕುಡಿಯೋಣೇನ್ರಿ?" ಎನ್ನುತ್ತಾಳೆ.

ಆದರೆ ಈ ರಸ್ತೆಯ ನಿಜವಾದ ಸುಖ ಬೇರೆ. ದೊಡ್ಡ ರಸ್ತೆಯಲ್ಲಿ ಒಂದು ಹಸಿರು ಫಲಕ ಬಂದು, ಇಲ್ಲಿಂದ ಕರ್ನಾಟಕ ಎಂದು ಹೇಳುತ್ತದೆ. ಹಳೇ ರಸ್ತೆಯಲ್ಲಿ ಹಾಗಲ್ಲ. ಮೊಯಿನಾಬಾದಿನಲ್ಲಿ ಚಾಯ್ ಕುಡಿಯುತ್ತೀರಿ, ಮುಂದೆಲ್ಲೋ ಅದೇ ಚಹಾ ಆಗಿರುತ್ತದೆ. ಅನ್ನ ಹಿಂದೆ ಸರಿದು ಜೋಳದ ರೊಟ್ಟಿ ಮುಂದೆ ಬಂದಿರುತ್ತದೆ. ಬಸ್ಸಿಗೆ ಕಾದು ಕೂತ ಹೆಂಗಸರ ತೆಲುಗಿನಲ್ಲಿ ಒಂದೊಂದು ಕನ್ನಡ ಮಾತು ನುಸುಳುತ್ತದೆ. ಹಾಲು ಯಾವ ಗಳಿಗೆಯಲ್ಲಿ ಮೊಸರಾಯಿತು ಎಂದು ಯಾರಿಗೂ ಹೇಳಲು ಬರುವುದಿಲ್ಲವಲ್ಲ, ಹಾಗೆ. ಇದನ್ನು ನಾನು ಸಂಘದ ಸಭೆಯಲ್ಲಿ ಎರಡು ಸಲ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಚಪ್ಪಾಳೆ ತೆಗೆದುಕೊಂಡವನೇ ಇದನ್ನು ಮರೆತದ್ದು ನೋಡಿ.

ಇನ್ನು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಹೇಳಲು ನಾಚಿಕೆ, ಆದರೂ ಹೈದರಾಬಾದಿನ ಕನ್ನಡದವರು ಯಾರಾದರೂ ಓದುತ್ತಿದ್ದರೆ ಒಳಗೊಳಗೇ ನಗುತ್ತಾರೆ. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಕಂದಾಯದ ನೌಕರಿಗೆಂದು ಇಲ್ಲಿಗೆ ಬಂದವರು. ಅಂದಿನಿಂದ ನಮ್ಮಲ್ಲಿ ಮನೆ ಮಾತು ಬೇರೆ, ಬೀದಿ ಮಾತು ಬೇರೆ. ಚಪ್ಪಲಿಯನ್ನೂ ತೆಲುಗನ್ನೂ ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರುತ್ತೇವೆ. ಹೊರಗೆ ತೆಲುಗು, ಇಲ್ಲವೆ ಹಿಂದಿ ಉರ್ದು ಕಲಸಿದ್ದು. ಹಾಗಾದರೆ ಹೊರಗೆ ಕನ್ನಡ ಯಾವುದಕ್ಕೆ? ಗುಟ್ಟಿಗೆ. ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ಸುಮಿತ್ರಾ ಸೇಲ್ಸ್‌ಮನ್ನಿನ ಕಡೆ ನೋಡಿ "ಚಾಲಾ ಬಾಗುಂದಿ" ಎಂದು ಮೆಚ್ಚುತ್ತಾಳೆ, ಅದೇ ನಗುಮುಖದಲ್ಲಿ ನನಗೆ, "ಒಂದ ನೀರಿಗೆ ಬಣ್ಣ ಬಿಡತೈತಿ, ಏಳ್ರಿ" ಎನ್ನುತ್ತಾಳೆ. ಲಿಂಗಂಪಲ್ಲಿ ಲೋಕಲ್ ರೈಲಿನಲ್ಲಿ ಎದುರು ಕೂತವರ ಮೂಗಿನ ಬಗ್ಗೆ, ಸೊಸೆಯ ಬಗ್ಗೆ, ಡಬ್ಬಿಯಲ್ಲಿರುವ ಪಲ್ಯದ ಬಗ್ಗೆ ನಾವು ಮುಖ ಗಂಭೀರ ಮಾಡಿಕೊಂಡು ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ನಮ್ಮವ್ವ ನನಗೆ ಇದನ್ನು ಬಸ್ಸಿನಲ್ಲಿ ಕಲಿಸಿದಳು. ನಾನು ಮಕ್ಕಳಿಗೆ ಕಲಿಸಿದೆ. ಹೊರನಾಡಿನಲ್ಲಿ ನಾವು ಕನ್ನಡ ಉಳಿಸಿಕೊಂಡದ್ದು ಹೀಗೆ.

ಈಗ ಆ ದಿನಕ್ಕೆ ಬರುತ್ತೇನೆ. ಕಲಬುರಗಿಯಲ್ಲಿ ಸುಮಿತ್ರಾಳ ತಂಗಿಯ ಮಗಳಿಗೆ ಕುಬಸ, ಅಂದರೆ ಸೀಮಂತ, ಇತ್ತು. ಹಳೇ ರಸ್ತೆಯಲ್ಲೇ ಹೋಗುವುದೆಂದು ನಾನು ಹಟ ಹಿಡಿದೆ. ಪರಿಗಿ ದಾಟಿ ಸ್ವಲ್ಪ ದೂರ ಹೋದ ಮೇಲೆ, ಒಂಟಿ ಆಲದ ಮರದ ಕೆಳಗೆ ಒಬ್ಬ ಮುದುಕಿ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಾರು ನಿಲ್ಲಿಸಿದೆ. ತೆಲುಗಿನಲ್ಲಿ ನಮಸ್ಕಾರ ಮಾಡಿ, ಹಣ್ಣು ನಿಮ್ಮ ತೋಟದ್ದೋ ಎಂದು ಕೇಳಿದೆ. ಗುಡ್ಡದ್ದು ಎಂದಳು. ಬಹಳ ಚೆನ್ನಾಗಿವೆಯಮ್ಮಾ ಎಂದೆ. ಆಮೇಲೆ ಸುಮಿತ್ರಾಳ ಕಡೆ ತಿರುಗಿ, ಅದೇ ನಗು ಮುಖದಲ್ಲಿಟ್ಟುಕೊಂಡು ಕನ್ನಡದಲ್ಲಿ ಹೇಳಿದೆ:

"ಮ್ಯಾಲ ಚಲೋವು ಜೋಡಿಸಿಟ್ಟೈತಿ, ಬುಡಕ ಎಲ್ಲಾ ಕೊಳತಿದ್ದು ಇರ್ತಾವ. ಭಾಳ ಪಾಕಡ ಮುದುಕಿ ಐತಿ ಇದು. ಕಣ್ಣಿಡು."

ಗಮನಿಸಿ, ಕಿಲಾಡಿ ಎಂದದ್ದು ಸಾಲದೆ, ಇವರು ಅನ್ನಲಿಲ್ಲ, ಇವಳು ಎಂದೂ ಅನ್ನಲಿಲ್ಲ. ಇದು ಅಂದೆ. ಸುಮಿತ್ರಾ ಕೇಳಿ ನಕ್ಕಳು.

ಮುದುಕಿ ಎದ್ದು ನಿಂತಳು. ಆ ತುಂಬಿದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿದ ಗೋಣಿಚೀಲದ ಮೇಲೆ ಮೆಲ್ಲಗೆ ಬೋರಲು ಹಾಕಿದಳು. ಬುಡದ ಹಣ್ಣೆಲ್ಲ ಮೇಲೆ ಬಂದವು.

"ನೋಡ್ರಿ ಯಪ್ಪಾ, ಬುಡಕಿನವೂ ನೋಡ್ರಿ. ನೀವ ಆರಿಸ್ಕೊಳ್ರಿ," ಎಂದಳು ಕನ್ನಡದಲ್ಲಿ. ಆಮೇಲೆ ಸಿಟ್ಟಿಲ್ಲದ ಮುಖದಲ್ಲಿ ನನ್ನನ್ನು ನೋಡಿ, "ನನ್ನ ತವರುಮನಿ ಸೇಡಂ ಕಡೀದು. ಈ ಊರಿಗೆ ಬಂದು ಐವತ್ತು ವರ್ಷ ಆತು. ಮನಿ ಹೊರಗ ನಮ್ಮ ಕಡಿ ಮಾತು ಕಿವಿಗಿ ಬಿದ್ದು ಭಾಳ ದಿನ ಆಗಿತ್ತು. ಯಾವೂರ್ರಿ ನಿಮ್ದು?" ಎಂದು ಕೇಳಿದಳು.

ಇಲ್ಲಿ ಒಬ್ಬ ಮನುಷ್ಯ ಮಾಡಬಹುದಾದ ಕೆಲಸಗಳು ಹಲವಿದ್ದವು. ತಪ್ಪಾಯಿತು ಎನ್ನಬಹುದಿತ್ತು. ಊರ ಹೆಸರು ಹೇಳಬಹುದಿತ್ತು. ಸುಮ್ಮನೆ ತಲೆ ತಗ್ಗಿಸಬಹುದಿತ್ತು. ಆದರೆ ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ತೆಲುಗಿಗೆ ಓಡಿಹೋಯಿತು.

"ಏಂಟಮ್ಮಾ? ಮಾಕು ಕನ್ನಡ ರಾದು," ಎಂದೆ. ಏನಮ್ಮಾ, ನಮಗೆ ಕನ್ನಡ ಬರುವುದಿಲ್ಲ ಎಂದು.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. "ಅಲಾಗಾ," ಹೌದೇ, ಎಂದು ತಾನೂ ತೆಲುಗಿಗೆ ಬಂದಳು. ಹಣ್ಣು ಆರಿಸಿ ಚೀಲಕ್ಕೆ ತುಂಬಿಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊಡಂಗಲ್ ಬರುವವರೆಗೆ ಸುಮಿತ್ರಾ ಕಿಟಕಿಯಾಚೆ ನೋಡುತ್ತಿದ್ದಳು. ಊರು ದಾಟುವಾಗ ಎರಡೇ ಎರಡು ಮಾತು ಅಂದಳು. "ಕನ್ನಡ ರಾದು?"

ಕುಬಸದ ಮನೆಯಲ್ಲಿ ಎಲ್ಲರೂ ಆ ಸೀತಾಫಲ ತಿಂದು ಹೊಗಳಿದರು. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಉಳಿದ ಹಣ್ಣನ್ನು ಒಂದೊಂದಾಗಿ ಒತ್ತಿ ನೋಡಿದೆ. ಒಂದಾದರೂ ಕೊಳೆತಿದ್ದರೆ ನನ್ನ ಮಾನಕ್ಕೆ ಅಷ್ಟು ಆಧಾರ ಸಿಗುತ್ತಿತ್ತು. ಸಿಗಲಿಲ್ಲ. ಮರುದಿನ ವಾಪಸು ಹೊರಡುವಾಗ, "ಜಹೀರಾಬಾದ ರಸ್ತೀಲೆ ಹೋಗೋಣು, ನಿನಗ ಹೊಟ್ಟಿ ತೊಳಸತೈತಿ," ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಹೊಟ್ಟೆಯ ಚಿಂತೆ ಮಾಡಿದ್ದೆ. ಅವಳು ನಕ್ಕಳು. ಆ ಅಗಲ ರಸ್ತೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ಅವತ್ತು ನನಗೆ ಬೇಕಾದದ್ದೂ ಅದೇ.

ಆದರೆ ನವೆಂಬರ್ ಒಂದು ಹತ್ತಿರ ಬಂತು. ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ನನ್ನದೊಂದು ಭಾಷಣ. ಈ ಸಲದ ವಿಷಯವನ್ನು ನಾನೇ ಆಗಸ್ಟಿನಲ್ಲಿ ಆರಿಸಿಕೊಂಡಿದ್ದೆ: ಹೊರನಾಡಿನಲ್ಲಿ ಕನ್ನಡ ಉಳಿಸಿಕೊಳ್ಳುವ ಬಗೆ. ಕಾಗದ ಮುಂದಿಟ್ಟುಕೊಂಡು ಮೂರು ದಿನ ಕೂತೆ. "ತಾಯ್ನುಡಿ" ಎಂದು ಬರೆಯುತ್ತಲೇ ಬೋರಲು ಬಿದ್ದ ಬುಟ್ಟಿ ಕಾಣುತ್ತಿತ್ತು. ಬರೆದದ್ದನ್ನು ಹೊಡೆದು ಹಾಕುತ್ತಿದ್ದೆ. ಅಂದದ್ದು ಕೆಟ್ಟದ್ದು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಒಂದು ಲೆಕ್ಕ. ಜೀವಮಾನವಿಡೀ ಬೀದಿಯಲ್ಲಿ ಒಳ್ಳೆಯ ಮಾತಿಗೆಲ್ಲ ತೆಲುಗು ಉರ್ದು ಬಳಸಿದೆ, ಚಾಡಿಗೆ ಮಾತ್ರ ಕನ್ನಡ ಬಳಸಿದೆ. ಕೊನೆಗೊಮ್ಮೆ ಬೀದಿಯಲ್ಲಿ ಒಬ್ಬಳು ಅದೇ ಮಾತಿನಲ್ಲಿ ಅಕ್ಕರೆಯಿಂದ ಊರು ಕೇಳಿದಾಗ ಅದು ನನ್ನದಲ್ಲ ಎಂದುಬಿಟ್ಟೆ. ಇಂಥವನು ಮೈಕಿನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು?

ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ ಕಾರಿನ ಕೀ ತೆಗೆದುಕೊಂಡೆ. "ಎಲ್ಲಿಗ್ರಿ?" ಎಂದಳು ಸುಮಿತ್ರಾ. ಪರಿಗಿ ಕಡೆ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡಳು. "ನಾನೂ ಬರ್ತೀನಿ. ಅವತ್ತ ನೀವು ಅಂದ್ರಿ, ನಾ ಕೇಳಿ ನಕ್ಕಿದ್ದೆ."

ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡೆ. ಚೇವೆಳ್ಳದಲ್ಲಿ ಒಂದು ವಾಕ್ಯ ಚೆನ್ನಾಗಿ ಬಂತು, ಮುಂದಿನ ತಿರುವಿನಲ್ಲಿ ಅದು ಭಾಷಣದ ಹಾಗೆ ಕೇಳಿಸಿತು, ಬಿಟ್ಟುಬಿಟ್ಟೆ. ಮುದುಕಿ ಅಲ್ಲಿ ಇರದಿದ್ದರೆ ಎಂಬ ಹೆದರಿಕೆ ಒಂದು ಕಡೆ, ಇರದಿದ್ದರೆ ಒಳ್ಳೆಯದು ಎಂಬ ಆಸೆ ಇನ್ನೊಂದು ಕಡೆ. ಇದ್ದಳು. ಪಕ್ಕದಲ್ಲಿ ಅವಳ ಸೊಸೆ ಕೂತು ಕಾಯಿ ಹಣ್ಣು ಬೇರೆ ಮಾಡುತ್ತಿದ್ದಳು. ನಾವು ಇಳಿದು ಬರುವುದನ್ನು ಮುದುಕಿ ನೋಡಿದಳು, ಗುರುತು ಹಿಡಿದಳು. ನಾನು ಬಾಯಿ ತೆರೆಯುವ ಮೊದಲೇ ಸೊಸೆಗೆ ಕನ್ನಡದಲ್ಲಿ, ನನಗೆ ಕೇಳುವ ಹಾಗೆ ಅಂದಳು:

"ಇವರಿಗೆ ತೆಲುಗಿನಾಗ ಕೇಳವ್ವಾ ಏನು ಬೇಕಂತ. ಪಾಪ, ಕನ್ನಡ ಬರಂಗಿಲ್ಲ ಇವರಿಗೆ."

ಸೊಸೆ ತೆಲುಗಿನಲ್ಲಿ ಕೇಳಿದಳು. ಸುಮಿತ್ರಾ ನನ್ನನ್ನು ನೋಡುತ್ತಿದ್ದಳು. ದಾರಿಯಲ್ಲಿ ಕಟ್ಟಿದ ವಾಕ್ಯಗಳಲ್ಲಿ ಒಂದೂ ಉಳಿದಿರಲಿಲ್ಲ.

"ಬರ್ತೈತ್ರಿ ಅವ್ವಾ," ಎಂದೆ.

ಮುದುಕಿ ತಲೆ ಎತ್ತಿದಳು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. "ಹೌದಾ? ಯಾವಾಗ ಕಲ್ತ್ರಿ?"

ಸುಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕೈ ಜೋಡಿಸಿದೆ.

"ಅವತ್ತ ನಾ ಅಂದದ್ದು ತಪ್ಪಾತ್ರಿ. ಆಮ್ಯಾಲ ಸುಳ್ಳು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪಾತು. ನಾಚಿಕಿ ಆಗಿ ಹಂಗ ಅಂದೆ. ಆವಾಗಿಂದ ನಿದ್ದಿ ಸರಿಯಿಲ್ಲ."

ಅವಳು ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಯಲ್ಲಿಟ್ಟು ಕೈ ಒರೆಸಿಕೊಂಡಳು. "ಬುಟ್ಟಿ ಮುಂದ ನಿಂತವರೆಲ್ಲ ಹಂಗ ಅಂತಾರ ಯಪ್ಪಾ. ನೀವು ನಮ್ಮ ಮಾತಿನಾಗ ಅಂದ್ರಿ, ಅಷ್ಟ. ಬೈದ್ರೂ ತವರುಮನಿ ಕಡೆಯವರು ಬೈದಂಗಾತು." ಆಮೇಲೆ, "ಊರು ಕೇಳಿದ್ದಕ್ಕ ಇಲ್ಲ ಅಂದ್ರಲ್ಲ, ಅದು ಮನಸ್ಸಿಗೆ ಹತ್ತಿತು," ಎಂದಳು.

ಅವಳು ಗೋಣಿಚೀಲದ ಒಂದು ತುದಿ ಕೊಡವಿ ಸುಮಿತ್ರಾಳಿಗೆ ಕೂರಲು ಜಾಗ ಮಾಡಿದಳು. "ಕುಂಡ್ರವ್ವಾ. ನೀವೂ ಕುಂಡ್ರಿ. ಈಗ ಹೇಳ್ರಿ, ಯಾವೂರ್ರಿ ನಿಮ್ದು?"

ಹೇಳಿದೆ. ಅಜ್ಜನ ಊರಿನ ಹೆಸರು, ಅದರ ಪಕ್ಕದ ಹಳ್ಳ, ನಾನು ನೋಡಿಯೇ ಇಲ್ಲದ ಊರಮುಂದಿನ ಅಗಸಿ ಬಾಗಿಲು. ಸಾಮಾನ್ಯವಾಗಿ ಈ ಪ್ರಶ್ನೆಗೆ ಅರ್ಧ ನಿಮಿಷ ಸಾಕು. ನನಗೆ ಹದಿನೈದು ದಿನವೂ ಎರಡು ಸಲ ಅದೇ ರಸ್ತೆಯೂ ಬೇಕಾಯಿತು. ಕಾರಿನಲ್ಲಿ ಕೂರುವಾಗ ಅವಳು ಸೊಸೆಗೆ, "ಮಾತು ಚಲೋ ಕಲ್ತಾರ ನೋಡು, ಲಗೂನ ಬಂತು," ಎಂದದ್ದೂ ಕಿವಿಗೆ ಬಿತ್ತು. ಬೀಳಲೆಂದೇ ಅಂದದ್ದು.

ಮರುದಿನ ಭಾಷಣ ಮಾಡಲಿಲ್ಲ. ಈ ಕಥೆಯನ್ನೇ ಹೇಳಿ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲ ಸಾಲಿನ ಹಿರಿಯರೊಬ್ಬರು ಬಹಳ ಹೊತ್ತು ತಮ್ಮ ಚಪ್ಪಲಿ ನೋಡಿಕೊಂಡು ಕೂತಿದ್ದರು. ಅವರದೂ ಯಾವುದೋ ರಸ್ತೆ ಇರಬೇಕು.

ಒಂದು ಮಾತು ಹೇಳುವುದು ಬಿಟ್ಟಿದ್ದೆ. ಆ ದಿನ ವಾಪಸು ಬರುವಾಗ ಚೇವೆಳ್ಳದ ಮರಗಳ ಕೆಳಗೆ ಚಹಾಕ್ಕೆ ನಿಂತೆವು. ಸುಮಿತ್ರಾ ಒಂದು ಗುಟುಕು ಕುಡಿದು, ಚಹಾದವನ ಮುಖವನ್ನೇ ನೋಡಿ, ಜೋರಾಗಿ ಕನ್ನಡದಲ್ಲಿ, "ಭಾಳ ಚಲೋ ಆಗೈತಿ ಚಹಾ," ಎಂದಳು. ಅವನಿಗೆ ತಿಳಿಯಲಿಲ್ಲ. ಅಮ್ಮ ಏನಂದರು ಎಂದು ಅನುಮಾನದಿಂದ ನನ್ನನ್ನು ತೆಲುಗಿನಲ್ಲಿ ಕೇಳಿದ. ನಾನು ಅಕ್ಷರ ಬಿಡದೆ ಹೇಳಿದೆ. ಬೀದಿಯಲ್ಲಿ ನಾವು ಕನ್ನಡದಲ್ಲಿ ಆಡಿದ ಮಾತನ್ನು ಎದುರಿನವರಿಗೆ ಇದ್ದ ಹಾಗೆ ತಿಳಿಸಿ ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.