ಅಂಕಲ್ ರಿಜೆಕ್ಟ್ ಮಾಡಿದ ಸಿದ್ಧಾಂತ

ನಿನ್ನೆ ಪೀಣ್ಯದ ಸಿಗ್ನಲ್ಲಿನಲ್ಲಿ ಆಟೊ ನಿಂತಾಗ ಪಕ್ಕದ ಶೆಡ್ಡಿನಿಂದ, ಲೋಹ ಕೊರೆಯುವಾಗ ಸುರಿಯುವ ಕಟಿಂಗ್ ಆಯಿಲ್ ವಾಸನೆ ಬಂತು. ತಕ್ಷಣ ಜಾಲಹಳ್ಳಿಯ ಕೆಳಗಿನ ಮನೆ ಅಂಕಲ್ ನೆನಪಾದರು. ಸಿಗ್ನಲ್ ಬಿಟ್ಟಿತು, ನೆನಪು ಬಿಡಲಿಲ್ಲ...

ಪಿಎಚ್‌ಡಿ ಮಾಡುವಾಗ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾದ ಮೇಲೂ ಮನೆಯಲ್ಲಿ ಕೂರಲಾರದೆ ಪೀಣ್ಯದ ವರ್ಕ್‌ಶಾಪೊಂದಕ್ಕೆ ಹೋಗುತ್ತಿದ್ದರು. ಲೋಹದ ಪೀಸಿನಲ್ಲಿ ಕೊರೆದ ತೂತಿಗೆ ಗೇಜು ಎಂಬ ಅಳತೆಕಡ್ಡಿ ಹಾಕಿ ನೋಡುವುದು ಅವರ ಕೆಲಸ. ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಯಿತೋ, ಪೀಸಿಗೆ ಕೆಂಪು ಬಣ್ಣ ಬಳಿದು ಗುಜರಿಗೆ.

ನನ್ನ ಸಂಶೋಧನೆ ಏನೆಂದು ಬಿಡದೆ ಕೇಳಿದರು. ವಿಶ್ವ ದಿನೇದಿನೇ ಹೆಚ್ಚು ವೇಗವಾಗಿ ಹಿಗ್ಗುತ್ತಿದೆ, ಅದಕ್ಕೆ ಡಾರ್ಕ್ ಎನರ್ಜಿ ಎಂಬ ಕಾಣದ ಶಕ್ತಿ ಕಾರಣ ಅನ್ನುತ್ತಾರೆ. ಅಂಥದ್ದೊಂದು ಇಲ್ಲವೇ ಇಲ್ಲ, ಬಹುದೂರದಲ್ಲಿ ಗುರುತ್ವವೇ ಬೇರೆ ಥರ ವರ್ತಿಸುತ್ತದೆ ಎಂದು ನನ್ನ ವಾದ ಹೇಳಿದೆ.

“ಸರಿ ಕಣಮ್ಮ, ಇದಕ್ಕೆ ಗೇಜು ಯಾವ್ದು?”

ಗುರುತ್ವದ ಅಲೆ ಎಂದೆ. ನನ್ನ ಲೆಕ್ಕ ಸರಿಯಿದ್ದರೆ ಅದು ಬೆಳಕಿಗಿಂತ ಹಿಂದೆ ಬೀಳಬೇಕು. ಅವರಿಗೆ ಎಷ್ಟು ಖುಷಿಯೋ! ದಿನಾ ಬೆಳಿಗ್ಗೆ ಗೇಟಿನ ಹತ್ತಿರ, “ಬಂತಾ ಅಲೆ?”

ಬಂತು. ಎಲ್ಲೋ ಎರಡು ನಕ್ಷತ್ರಗಳು ಡಿಕ್ಕಿ ಹೊಡೆದಿದ್ದವು. ಅಲ್ಲಿಂದ ಹೊರಟ ಅಲೆಯೂ ಬೆಳಕೂ ಕೋಟ್ಯಂತರ ವರ್ಷ ಓಡಿ, ಎರಡು ಸೆಕೆಂಡಿನ ಒಳಗೆ ಒಂದರ ಹಿಂದೊಂದು ಭೂಮಿ ಮುಟ್ಟಿದ್ದವು. ಅಲೆ ಹಿಂದೆ ಬಿದ್ದೇ ಇರಲಿಲ್ಲ. ನನ್ನ ಐದು ವರ್ಷ ನೀರುಪಾಲಾಯಿತು. ಅಂಕಲ್ ಆ ಸುದ್ದಿಯಿದ್ದ ಪೇಪರು ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಒಂದು ನಂಬರ್ ಬದಲಾಯಿಸಿದ್ರೆ ಸರಿಹೋಗುತ್ತೆ ಅಂಕಲ್.”

“ಪೀಸ್ ಕೆಟ್ಟ ಮೇಲೆ ಅಳತೆ ಬರ್ದಿರೋ ಡ್ರಾಯಿಂಗ್ ತಿದ್ಬಾರ್ದು ಕಣಮ್ಮ. ರಿಜೆಕ್ಟ್ ಅಂತ ಬರ್ದ್ಬಿಡು.”

ಮೈ ಉರಿದುಹೋಯಿತು. ತೂತು ಅಳೆಯುವವರಿಗೆ ವಿಶ್ವದ ಉಸಾಬರಿ ಯಾಕೆ ಎಂದುಬಿಟ್ಟೆ. ಪೇಪರು ಮಡಿಸಿಕೊಂಡು ಇಳಿದುಹೋದರು. ಮರುದಿನವೂ ಗೇಟಿನ ಹತ್ತಿರ ನಿಂತಿದ್ದರು. ನಾನೇ ಮುಖ ತಿರುಗಿಸಿದೆ. ತಿಂಗಳೊಳಗೆ ಮನೆ ಬದಲಿಸಿದೆ.

ಆಮೇಲೆ ಎರಡು ವರ್ಷ ಆ ಸಂಖ್ಯೆಯನ್ನು ಒತ್ತಿದೆ, ಎಳೆದೆ... ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಲೆಯ ವೇಗವೇನೋ ಸರಿಹೋಯಿತು, ಆದರೆ ವಿಶ್ವ ಯಾಕೆ ಹಿಗ್ಗುತ್ತದೆ ಎಂದು ಹೇಳುವ ಶಕ್ತಿಯೇ ಸಿದ್ಧಾಂತದಲ್ಲಿ ಉಳಿಯಲಿಲ್ಲ. ಆ ನಡುವೆಯೇ ಆಂಟಿ ಫೋನ್ ಮಾಡಿದ್ದರು. ಅಂಕಲ್ ಆಸ್ಪತ್ರೆಯಲ್ಲಿದ್ದಾರೆ, ಒಂದು ಸಲ ನಿನ್ನನ್ನು ನೋಡಬೇಕಂತೆ ಎಂದರು. ಸೋಲೊಪ್ಪಿಸುವುದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡೆ. ಕೆಲಸವಿದೆ ಎಂದೆ. ಆ ವಾರವೇ ಹೋಗಿಬಿಟ್ಟರು.

ಕೊನೆಗೆ ಥೀಸಿಸ್ಸಿನಲ್ಲಿ ಬರೆದೆ, ಈ ಸಿದ್ಧಾಂತ ತಪ್ಪು ಎಂದು. ಎಲ್ಲರೂ ಬೆನ್ನು ತಟ್ಟಿದರು. ನನಗೆ ಮಾತ್ರ ಸಮಾಧಾನವಿಲ್ಲ.

ನಿನ್ನೆ ಆಟೊವನ್ನು ಜಾಲಹಳ್ಳಿಗೆ ತಿರುಗಿಸಲು ಹೇಳಿದೆ. ಆಂಟಿ ಬಾಗಿಲು ತೆಗೆದರು. ಅಂಕಲ್ ಹೇಳಿದ್ದೇ ಸರಿ, ಅದನ್ನು ಹೇಳಲು ಆವತ್ತು ಆಸ್ಪತ್ರೆಗೆ ಬರಬೇಕಿತ್ತು ಎಂದೆ. ಅವರಿಗೆ ನನ್ನ ಮಾತೇ ಅರ್ಥವಾಗಲಿಲ್ಲ.

“ಸರಿ ತಪ್ಪು ಏನೂ ಹೇಳ್ಲಿಲ್ಲಮ್ಮ ಅವ್ರು. ಹುಡ್ಗಿ ತುಂಬಾ ಸೊರಗಿದ್ಲು, ಊಟ ಗೀಟ ಮಾಡ್ತಿದಾಳೋ ಇಲ್ವೋ ಅಂತಿದ್ರು, ಅಷ್ಟೇ.”