ಮೋಡದ ಮುನ್ಸೂಚನೆ ಮತ್ತು ನನ್ನ ಅರ್ಧ ತಲೆ

ನನ್ನ ಎಡಗಣ್ಣಿನ ಹಿಂದೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ರಗಳೆಯೆಲ್ಲ ಶುರುವಾಗುವುದೇ ಅಲ್ಲಿಂದ. ಕಾಲು ಮುರಿದರೆ ಪಟ್ಟಿ ಕಟ್ಟುತ್ತಾರೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಅರ್ಧ ತಲೆ ಸಿಡಿಯುತ್ತಿದ್ದರೆ ಮುಟ್ಟಿ ನೋಡಲು ಏನೂ ಇರುವುದಿಲ್ಲ. ನಂಬಬೇಕು, ಇಲ್ಲವೇ ಬಿಡಬೇಕು. ಬಸವಕಲ್ಯಾಣದ ನನ್ನ ಅತ್ತೆಮನೆ ಬಿಡುವ ಕಡೆಗೇ ವಾಲಿತ್ತು.

ಹುಮನಾಬಾದ ನನ್ನ ತವರು. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಮನೆ. ಅಲ್ಲಿನ ಡಾಕ್ಟರೊಬ್ಬರೇ ನನ್ನ ನೋವಿಗೆ ಮೈಗ್ರೇನ್ ಎಂದು ಮೊದಲು ಹೆಸರಿಟ್ಟವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಿಮಗ ಮೋಡ ಕಟ್ಟಿದಾಗ ಜಾಸ್ತಿ ಬರ್ತದ ಅನಸ್ತದರಿ. ಫೋನಿನಾಗ ನಾಳಿ ಹವಾ ಹ್ಯಾಂಗದ ನೋಡ್ಕೋತ ಇರ್ರಿ. ಅಂಥಾ ದಿನ ಊಟ ತಪ್ಪಸಬ್ಯಾಡ್ರಿ, ಬಿಸಲಾಗ ನಿಂದರಬ್ಯಾಡ್ರಿ. ಸುಳಿವು ಸಿಕ್ಕ ಕೂಡಲೇ ಗುಳಿಗಿ ತೊಗೋರಿ" ಎಂದರು.

ನನಗೆ ಮೊದಲ ಸಂಶಯ ಬಂದದ್ದು ಫೋನಿನ ಮೇಲೆ. ಮಳೆ ಎಂದ ದಿನ ರಣಬಿಸಿಲು, ಬಿಸಿಲು ಎಂದ ದಿನ ಒಣಹಾಕಿದ ಬಟ್ಟೆಯೆಲ್ಲ ತೊಯ್ದು ತೊಪ್ಪೆ. ಇಂಥದ್ದರ ಮಾತು ಕೇಳಿ ತಲೆ ಕಾಯ್ದುಕೊಳ್ಳುವುದು ಹೇಗೆ? ಆದರೂ ದಿನಾ ಸಂಜೆ ನೋಡತೊಡಗಿದೆ. ಮಳೆಯ ಲೆಕ್ಕದಲ್ಲಿ ತಪ್ಪಿದರೂ ಮೋಡದ ವಿಷಯದಲ್ಲಿ ಅದು ಅಷ್ಟೊಂದು ಸುಳ್ಳು ಹೇಳುತ್ತಿರಲಿಲ್ಲ. ಪೂರ್ತಿ ನಂಬಲಿಲ್ಲ, ಬಿಡಲೂ ಇಲ್ಲ.

ಫೋನು ಹೇಳಿದ್ದನ್ನು ಬಾಯಿಬಿಟ್ಟು ಹೇಳಿದ್ದೇ ಎಡವಟ್ಟಾಯಿತು. ಒಂದು ಸಂಜೆ ಅತ್ತೆ ರೊಟ್ಟಿ ತಟ್ಟುತ್ತಿದ್ದರು. "ನಾಳಿ ಮಧ್ಯಾಹ್ನ ನನಗ ತಲಿ ನೋಯಬಹುದ್ರಿ, ಮುಂಜಾನೇನ ಕೆಲಸ ಮುಗಸ್ತೀನಿ" ಎಂದೆ. ಅತ್ತೆಯ ಕೈ ಅಲ್ಲೇ ನಿಂತಿತು.

"ಬ್ಯಾನಿ ಎಲ್ಲೆರ ಮುಂಚೆ ಖಬರ್ ಕೊಟ್ಟು ಬರ್ತದೇನ? ಖಬರ್ ಕೊಟ್ಟು ಬರೋರು ಬೀಗರು."

ಅಂದಿನಿಂದ ನನ್ನ ತಲೆನೋವು ರಜೆ ಅರ್ಜಿಯಾಯಿತು. ಗಂಡ ನನ್ನ ಪರ ನಿಲ್ಲಲು ಹೋಗಿ ಇನ್ನಷ್ಟು ಕೆಡಿಸಿದ. ನನ್ನ ಫೋನು ತಂದು, "ನೋಡವ್ವಾ, ಇದರಾಗ ಬರದದ, ಮೋಡ ಅಂತ" ಎಂದು ತಾಯಿಗೆ ತೋರಿಸಿದ. ತೋರಿಸಿದವನು ಮೇಲಿದ್ದ ಊರಿನ ಹೆಸರನ್ನೂ ಓದಿದ: ಹುಮನಾಬಾದ. ನಾನು ತವರಿನಲ್ಲಿದ್ದಾಗ ಹಾಕಿಕೊಂಡದ್ದು ಹಾಗೇ ಉಳಿದುಬಿಟ್ಟಿತ್ತು.

ಅತ್ತೆಗೆ ಇನ್ನೇನು ಬೇಕು? "ಮೋಡ ಹುಮನಾಬಾದದಾಗ, ತಲಿ ನೋಯೂದು ಕಲ್ಯಾಣದಾಗ. ತಲಿ ಇನ್ನಾ ತವರುಮನ್ಯಾಗ ಬಿಟ್ಟು ಬಂದಾಳಲ್ಲ ಯಪ್ಪಾ ನಿನ್ನ ಹೆಣ್ತಿ!" ಎಂದು ನಕ್ಕರು. ಬಸ್ಸು ಹತ್ತಿದರೆ ಟೀ ಆರುವಷ್ಟರಲ್ಲಿ ಮುಟ್ಟುವ ಊರು, ಆ ಮೋಡ ನಮ್ಮ ತಲೆಯ ಮೇಲೂ ಇರುತ್ತದೆ ಎಂದು ವಾದಿಸಿದೆ. ಊರು ಬದಲಿಸಿಯೂ ತೋರಿಸಿದೆ. ಆಗಲೇ ಅವರ ಮನಸ್ಸಿನಲ್ಲಿ ನನಗೆ ತವರಿಗೆ ಹೋಗುವ ನೆವ ಬೇಕಿದೆ ಎಂದು ಕೂತುಬಿಟ್ಟಿತ್ತು.

ಅದಕ್ಕಿಂತ ದೊಡ್ಡ ಪೇಚು ಬೇರೆಯೇ ಇತ್ತು. ಮೋಡದ ದಿನ ಹೊತ್ತಿಗೆ ಸರಿಯಾಗಿ ಉಂಡು, ಕಣ್ಣಿನ ಮುಂದೆ ಮಿಣಮಿಣ ಕಂಡೊಡನೆ ಗುಳಿಗೆ ನುಂಗಿ ಸ್ವಲ್ಪ ಹೊತ್ತು ಕತ್ತಲಲ್ಲಿ ಮಲಗಿದರೆ ನೋವು ಏಳದೆ ಹೋಗುತ್ತಿತ್ತು. ಎದ್ದು ಬಂದು ನಗುನಗುತ್ತಾ ಬ್ಲೌಸು ಹೊಲಿಯಲು ಕೂರುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ತಲೆನೋವು ಬರುತ್ತದೆ ಎಂದು ಹೇಳಿ ಮಲಗಿದವಳು ಹೂವಿನಂತೆ ಎದ್ದು ಬಂದರೆ ಯಾರು ನಂಬುತ್ತಾರೆ? ಗುಳಿಗೆ ಕೆಲಸ ಮಾಡಿದಷ್ಟೂ ನಾನು ಸುಳ್ಳಿಯಾಗುತ್ತಿದ್ದೆ. ಕಡೆಕಡೆಗೆ ನನಗೇ ನನ್ನ ಮೇಲೆ ಅನುಮಾನ ಬಂತು. ಮೋಡದ ಚಿತ್ರ ನೋಡಿಯೇ ನೋವು ಬರಿಸಿಕೊಳ್ಳುತ್ತಿದ್ದೇನೆಯೇ?

ಹೀಗಿರುವಾಗ ಬೇಸಿಗೆಯಲ್ಲಿ ಶ್ಯಾವಿಗೆಯ ಕೆಲಸ ಬಂತು. ನಮ್ಮ ಓಣಿಯಲ್ಲಿ ಅದು ಮುಯ್ಯಿ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಒಂದು ಮೋಡದ ದಿನ ನಾನು ಎದುರುಮನೆಯ ಮುಯ್ಯಿ ತಪ್ಪಿಸಿದ್ದೆ, ಆ ಮಾತು ಓಣಿಯೆಲ್ಲ ಓಡಾಡಿತ್ತು. ಈಗ ನಮ್ಮ ಪಾಳಿ. ಗೋಧಿ ನೆನೆಸಿ, ಬೀಸಿ, ಹಿಟ್ಟು ಹದವಾಗಿ ಕೂತಿತ್ತು. ಇನ್ನು ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಫೋನು ನೋಡಿದರೆ ಮಾರನೆಯ ಮಧ್ಯಾಹ್ನ ಗಾಳಿ, ಮೋಡ.

"ನಾಳಿ ಮೋಡ ಅದರಿ" ಎಂದೆ.

"ಗೊತ್ತಿತ್ತು ನನಗ" ಎಂದರು ಅತ್ತೆ. "ನಮ್ಮ ಮನ್ಯಾಗ ಕೆಲಸ ಅಂದ್ರ ಮೋಡ ಬರಾಕೇ ಬೇಕು. ಎಲ್ಲಾ ಬಹಾನಾ."

ಆ ಮಾತು ನೆತ್ತಿಗೇರಿತು. ನಾಳೆ ಗುಳಿಗೆ ನುಂಗುವುದೇ ಇಲ್ಲ ಎಂದು ಹಟ ಹಿಡಿದೆ. ನೋವು ಬರಲಿ, ಎಲ್ಲರೆದುರು ಬರಲಿ, ಓಣಿಯೇ ನೋಡಲಿ.

ಬೆಳಿಗ್ಗೆ ಹೆಂಗಸರು ಬಂದರು. ಹಿಟ್ಟು ನಾದಿದೆವು, ಶ್ಯಾವಿಗೆ ಮಷೀನಿನಿಂದ ಇಳಿದ ಎಳೆಗಳನ್ನು ಅಂಗಳದ ಕೋಲುಗಳ ಮೇಲೆ ಹಾಕಿದೆವು, ಉದುರಿದ್ದನ್ನು ಹೊರಸಿನ ಮೇಲೆ ಹರಡಿದೆವು. ಬಿಸಿಲು ಚೆನ್ನಾಗಿಯೇ ಇತ್ತು. ಅತ್ತೆ ಆಕಾಶ ನೋಡಿ ನನ್ನನ್ನು ನೋಡಿದರು. ಆಗಲೇ ಕಣ್ಣ ಮುಂದೆ ಮಿಣಮಿಣ ಶುರುವಾಗಿತ್ತು. ಕೋಲು ಎರಡೆರಡಾಗಿ ಕಂಡಿತು. ಕೊಹಿನೂರು ಹಳ್ಳಿಯ ಕಡೆಯಿಂದ ಮೋಡ ಏರುವಷ್ಟರಲ್ಲಿ ನಾನು ಬಚ್ಚಲಲ್ಲಿ ಕೂತು ಕಾರಿಕೊಳ್ಳುತ್ತಿದ್ದೆ.

ಆಮೇಲೆ ಒಳಕೋಣೆಯ ನೆಲದ ಮೇಲೆ ಬಿದ್ದಿದ್ದೆ. ಹೊರಗೆ ಶ್ಯಾವಿಗೆ ಒಳತರುವ ಗದ್ದಲ. ಗದ್ದಲ ಅಡಗಿದ ಮೇಲೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಪುಡಿಕೆಯಲ್ಲಿದ್ದ ಗುಳಿಗೆ ಅವರ ಕಣ್ಣಿಗೆ ಬಿತ್ತು.

"ಗುಳಿಗಿ ತೊಗೊಂಡಿಲ್ಲೇನ?"

"ಇಲ್ಲರಿ."

"ಯಾಕ?"

"ತೊಗೊಂಡಿದ್ರ ನಿಮಗ ಖರೇ ಅನಸ್ತಿತ್ತೇನ್ರಿ?"

ಅವರು ಹಿಟ್ಟಿನ ವಾಸನೆಯ ಕೈಯಿಂದ ಬಹಳ ಹೊತ್ತು ನನ್ನ ತಲೆ ಒತ್ತಿದರು. ಗೆದ್ದೆ ಅನ್ನಿಸಲಿಲ್ಲ, ಬರೀ ಅಳು ಬಂತು.

ಆವತ್ತಿನಿಂದ ಸಂಜೆಯಾದರೆ ಅತ್ತೆ ಮಗನನ್ನು ಕರೆಯುತ್ತಾರೆ. "ನಾಳಿ ಮೋಡ ಅದ ಏನ ನೋಡೋ." ಮೋಡವಿದ್ದರೆ ಬೆಳಿಗ್ಗೆ ನನ್ನ ರೊಟ್ಟಿ ಮೊದಲು ಬೇಯುತ್ತದೆ, ಕಿಟಕಿಗೆ ಹಳೆಯ ಚಾದರ ಬೀಳುತ್ತದೆ. ಸುಖವಾಗಿರಬಹುದಿತ್ತು. ಆದರೆ ಒಂದು ದಿನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, ಮೆಣಸಿನಕಾಯಿ ಒಣಗಿಸಲೇ ಎಂದು ಕೇಳಿದಾಗ ಅತ್ತೆ ಕೊಟ್ಟ ಉತ್ತರ ನನ್ನ ಕಿವಿಗೆ ಬಿತ್ತು. "ಹಾಕ್ರಿ ಹಾಕ್ರಿ. ನಮ್ಮ ಸೊಸಿ ತಲಿ ಇನ್ನಾ ಶುರು ಆಗಿಲ್ಲ."

ಓಹೋ, ಇದಕ್ಕಾ ಇಷ್ಟು ಉಪಚಾರ ಎಂದುಕೊಂಡೆ. ಮುಂದೆ ಅವರು ನನ್ನ ತಲೆಯ ಸುದ್ದಿ ಎತ್ತಿದಾಗಲೆಲ್ಲ ನನ್ನ ಕಣ್ಣು ಮೊದಲು ಅಂಗಳಕ್ಕೆ ಓಡತೊಡಗಿತು. ಸಂಡಿಗೆಯೋ, ಬೇಳೆಯೋ, ಏನಾದರೊಂದು ಅಲ್ಲಿ ಒಣಗುತ್ತಿರುತ್ತಿತ್ತು.

ಮೊನ್ನೆ ಹೊಲಿಗೆಯ ಮಷೀನಿನ ಹತ್ತಿರ ಬಂದು, "ತಲಿ ಹ್ಯಾಂಗದ?" ಎಂದರು. ನಾನು ಉತ್ತರ ಕೊಡದೆ ಬಾಗಿಲಾಚೆ ಇಣುಕಿದೆ. ಹೊರಸು ಬರಿದಾಗಿತ್ತು. ನಾನು ಇಣುಕಿದ್ದನ್ನು ಅವರು ನೋಡಿಬಿಟ್ಟರು.

"ಇವತ್ತ ಏನೂ ಒಣಗಾಕ ಹಾಕಿಲ್ಲವ್ವಾ" ಎಂದರು. "ನಿನ್ನ ತಲೀನ ಕೇಳಾಕತ್ತೀನಿ."

"ಈಗ ಶುರು ಆಗಾಕತ್ತದರಿ" ಎಂದೆ, ತಲೆ ಎತ್ತದೆ. ಗುಳಿಗೆ ಆಗಲೇ ಅವರ ಅಂಗೈಯಲ್ಲಿತ್ತು.